ಎರಡು ಕಿಲೋಬೈಟಿನ ಮನೆಗೆ ದೊಡ್ಡ ಕಂಪೈಲರ್ ಬಂದಾಗ

ಒಂದು 32 ಬಿಟ್ ಸಂಖ್ಯೆಯನ್ನು ಎಡಕ್ಕೆ ಇಷ್ಟು ಮನೆ ಸರಿಸು ಎಂದು ಸಿ ಭಾಷೆಯಲ್ಲಿ ಬರೆಯಲು ಅರ್ಧ ಸಾಲು ಸಾಕು. ಲ್ಯಾಪ್‌ಟಾಪಿನ ಪ್ರೊಸೆಸರಿಗೆ ಅದು ಒಂದೇ ಆದೇಶದ ಕೆಲಸ. ಅದೇ ಅರ್ಧ ಸಾಲನ್ನು ಆರ್ಡುಯಿನೊ ಯುನೊ ಬೋರ್ಡಿನ ಮೇಲಿರುವ ಎಟಿಮೆಗಾ328ಪಿ ಚಿಪ್ಪಿಗೆ ಕಂಪೈಲ್ ಮಾಡಿ, ಅಂದರೆ ಆ ಚಿಪ್ಪಿನ ಆದೇಶಗಳಾಗಿ ಬದಲಿಸಿ, ಹೊರಬಂದ ಆದೇಶಗಳ ಪಟ್ಟಿಯಾದ ಅಸೆಂಬ್ಲಿಯನ್ನು ತೆರೆದು ನೋಡಿದರೆ ಅಲ್ಲೊಂದು ಲೂಪ್ ಕಾಣುತ್ತದೆ. ಚಿಪ್ಪು 8 ಬಿಟ್‌ನದು. ಹಾಗಾಗಿ 32 ಬಿಟ್ ಸಂಖ್ಯೆ ನಾಲ್ಕು ರಿಜಿಸ್ಟರುಗಳಲ್ಲಿ, ಅಂದರೆ ಚಿಪ್ಪು ಲೆಕ್ಕ ಮಾಡುವ ಪುಟ್ಟ ಗೂಡುಗಳಲ್ಲಿ, ಹಂಚಿಕೊಂಡು ಕುಳಿತಿರುತ್ತದೆ. ಸರಿಸುವ ಆದೇಶವೋ, ಒಂದು ಸಲಕ್ಕೆ ಒಂದೇ ಮನೆ ಸರಿಸಬಲ್ಲದು. ಮೊದಲ ರಿಜಿಸ್ಟರನ್ನು ಸರಿಸು, ಅದರಿಂದ ಉದುರಿದ ಬಿಟ್ಟನ್ನು ಎರಡನೆಯದಕ್ಕೆ ದಾಟಿಸು, ಅಲ್ಲಿಂದ ಮೂರನೆಯದಕ್ಕೆ, ನಾಲ್ಕನೆಯದಕ್ಕೆ. ಎಣಿಕೆಯಿಂದ ಒಂದು ಕಳೆ. ಮತ್ತೆ ಮೇಲಕ್ಕೆ ಹೋಗು. ಒಂದು ಸುತ್ತಿಗೆ 7 ಕ್ಲಾಕ್ ಸೈಕಲ್, ಅಂದರೆ ಚಿಪ್ಪಿನ ಗಡಿಯಾರದ 7 ಬಡಿತ. 31 ಮನೆ ಸರಿಸಬೇಕಾದರೆ 217. ಚಿಪ್ಪು 16 ಮೆಗಾಹರ್ಟ್ಸ್‌ನಲ್ಲಿ ಓಡುತ್ತಿದ್ದರೆ ಹದಿಮೂರೂವರೆ ಮೈಕ್ರೋಸೆಕೆಂಡ್. ಅಲಂಕಾರದ ಬಣ್ಣದ ಎಲ್‌ಇಡಿ ಪಟ್ಟಿಗಳಲ್ಲಿ ಬರುವ ಡಬ್ಲ್ಯುಎಸ್2812 ದೀಪಕ್ಕೆ ಒಂದು ಬಿಟ್ ಕಳಿಸಲು ಸಿಗುವ ಸಮಯ 1.25 ಮೈಕ್ರೋಸೆಕೆಂಡ್. ಅಂದರೆ ಆ ಅರ್ಧ ಸಾಲು ಮುಗಿಯುವಷ್ಟರಲ್ಲಿ ಹತ್ತು ಬಿಟ್ ಕಳಿಸಬಹುದಿತ್ತು.

ಇದು ಕಂಪೈಲರಿನ ತಪ್ಪಲ್ಲ. ಒಂದೇ ಏಟಿಗೆ ಎಷ್ಟು ಮನೆ ಬೇಕಾದರೂ ಸರಿಸುವ ಸರ್ಕ್ಯೂಟು ಆ ಚಿಪ್ಪಿನಲ್ಲಿಲ್ಲ, ಅಷ್ಟೆ. ಪ್ರೋಗ್ರಾಂ ಬರೆದವರು ತಾವೇ ಸರಿಸು ಎಂದು ಕೇಳಿದ್ದರೆ ಬೆಲೆಯನ್ನೂ ತಾವೇ ತೆರಬೇಕು. ಆದರೆ ಅವರು ಸರಿಸುವ ಮಾತನ್ನೇ ಆಡದಿದ್ದಾಗಲೂ ಕಂಪೈಲರು ತಾನಾಗಿ ಅದನ್ನು ತಂದು ಸೇರಿಸಿದರೆ? ಪ್ರೊಸೆಸರೂ ನೆನಪೂ ಒಂದೇ ಚಿಪ್ಪಿನಲ್ಲಿರುವ ಇಂಥ ಚಿಕ್ಕ ಮೈಕ್ರೋಕಂಟ್ರೋಲರುಗಳಿಗೆ ಕಂಪೈಲರ್ ಒಗ್ಗಿಸುವವರ ನಿಜವಾದ ತಲೆನೋವು ಶುರುವಾಗುವುದು ಇಲ್ಲಿಂದ.

ಕಂಪೈಲರಿಗೆ ಮೂರು ಭಾಗ ಎಂದು ಪಠ್ಯಪುಸ್ತಕ ಹೇಳುತ್ತದೆ. ಮುಂಭಾಗ ಭಾಷೆಯನ್ನು ಓದುತ್ತದೆ, ನಡುಭಾಗ ಪ್ರೋಗ್ರಾಮನ್ನು ತಿದ್ದಿ ತೀಡುತ್ತದೆ, ಹಿಂಭಾಗ ಅಂದರೆ ಬ್ಯಾಕೆಂಡ್ ಅದನ್ನು ಚಿಪ್ಪಿನ ಆದೇಶಗಳಾಗಿ ಇಳಿಸುತ್ತದೆ. ಹೊಸ ಚಿಪ್ಪು ಬಂತೇ, ಹಿಂಭಾಗವೊಂದನ್ನು ಬರೆದರಾಯಿತು, ಉಳಿದೆರಡು ಪುಕ್ಕಟೆ. ಜಿಸಿಸಿ ಮತ್ತು ಎಲ್‌ಎಲ್‌ವಿಎಂ ಎಂಬ ಎರಡು ದೊಡ್ಡ ಮುಕ್ತ ಕಂಪೈಲರ್ ಯೋಜನೆಗಳು ನಿಂತಿರುವುದೇ ಈ ಭರವಸೆಯ ಮೇಲೆ. ಚಿಪ್ಪು ದೊಡ್ಡದಾಗಿದ್ದರೆ ಭರವಸೆ ಬಹುಮಟ್ಟಿಗೆ ಈಡೇರುತ್ತದೆ. ಚಿಕ್ಕ ಚಿಪ್ಪಿನ ಮುಂದೆ ನಿಂತಾಗ ಮಾತ್ರ, ಎಲ್ಲರಿಗೂ ಸಮಾನವೆನ್ನುವ ಆ ಸಾಮಾನ್ಯ ಭಾಗ ದೊಡ್ಡಮನೆಯಲ್ಲೇ ಬೆಳೆದ ಮಗು ಎಂಬುದು ಗೊತ್ತಾಗುತ್ತದೆ.

2019ರ ಒಂದು ಪ್ರಸಂಗ ಇದಕ್ಕೆ ಒಳ್ಳೆಯ ಸಾಕ್ಷಿ. ಸಂಖ್ಯೆ ಸೊನ್ನೆಗಿಂತ ಕಡಿಮೆಯಿದ್ದರೆ ಮೈನಸ್ ಒಂದು, ಇಲ್ಲವಾದರೆ ಸೊನ್ನೆ ಎಂದು ಯಾರೋ ಬರೆದಿದ್ದಾರೆ ಎಂದುಕೊಳ್ಳಿ. ಎಲ್‌ಎಲ್‌ವಿಎಂನ ಸಾಮಾನ್ಯ ಭಾಗ ಅದನ್ನು ನೋಡಿ, ಹೋಲಿಕೆಯೇಕೆ, ಕವಲೇಕೆ, ಸಂಖ್ಯೆಯನ್ನು ಬಲಕ್ಕೆ 15 ಮನೆ ಸರಿಸಿಬಿಟ್ಟರೆ ಚಿಹ್ನೆಯ ಬಿಟ್ಟೇ ತುಂಬಿಕೊಂಡು ಅದೇ ಉತ್ತರ ಬರುತ್ತದಲ್ಲ ಎಂದು ಜಾಣತನ ತೋರುತ್ತಿತ್ತು. ಇಂಟೆಲ್ ಚಿಪ್ಪಿನಲ್ಲಿ ಅದು ಜಾಣತನವೇ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಮೂಲ ಎಂಎಸ್‌ಪಿ430 ಚಿಪ್ಪಿನಲ್ಲಿ ಸರಿಸುವುದೆಂದರೆ ಒಂದೊಂದೇ ಮನೆ. ಎರಡು ಮೂರು ಆದೇಶದಲ್ಲಿ ಮುಗಿಯುತ್ತಿದ್ದ ಕೆಲಸಕ್ಕೆ ಹದಿನೈದು ಹೆಜ್ಜೆ. ಇದರ ಪರಿಹಾರ ಎಂಎಸ್‌ಪಿ430 ಬ್ಯಾಕೆಂಡಿನೊಳಗೆ ಸಿಗುವಂತಿರಲಿಲ್ಲ. ಅಲ್ಲಿಗೆ ತಲುಪುವ ಹೊತ್ತಿಗೆ ಹೋಲಿಕೆ ಮಾಯವಾಗಿ ಸರಿಸುವಿಕೆ ಮಾತ್ರ ಉಳಿದಿರುತ್ತಿತ್ತು. ಕೊನೆಗೆ ಸಾಮಾನ್ಯ ಭಾಗದಲ್ಲೇ ಒಂದು ಪ್ರಶ್ನೆಯನ್ನು ಸೇರಿಸಿದರು: ಇಂತಿಷ್ಟು ಮನೆ ಸರಿಸುವಂತೆ ಮಾರ್ಪಡಿಸಲು ಹೊರಟಿದ್ದೇನೆ, ನಿನಗೆ ಬೇಡವೇ? ಬೇಡ ಎನ್ನುವ ಅವಕಾಶ ಚಿಪ್ಪಿಗೆ ಸಿಕ್ಕಿದ್ದು ಹೀಗೆ. ತಿದ್ದುಪಡಿ ಕೆಲವೇ ಸಾಲು. ಆದರೆ ಆ ಕೆಲವು ಸಾಲು ಬೀಳಬೇಕಾದ ಫೈಲು ಸರ್ವರ್ ಚಿಪ್ಪುಗಳ ತಂಡಗಳು ದಿನವೂ ಮುಟ್ಟುವ ಫೈಲು. ಅವರನ್ನು ಒಪ್ಪಿಸಬೇಕು, ಅವರ ಪರೀಕ್ಷೆಗಳು ಕೆಡಬಾರದು. ಚಿಕ್ಕ ಚಿಪ್ಪಿನ ಕಂಪೈಲರ್ ಕೆಲಸದಲ್ಲಿ ದೊಡ್ಡ ಪಾಲು ಇಂಥ ಒಪ್ಪಿಸುವ ಕೆಲಸ ಎಂದೇ ನಾನು ತಿಳಿದಿದ್ದೇನೆ.

ನೆನಪಿನ ವಿಷಯದಲ್ಲೂ ಇದೇ ಕತೆ. ಲ್ಯಾಪ್‌ಟಾಪಿಗೆ ಕೋಡೂ ದತ್ತಾಂಶವೂ ಒಂದೇ ವಿಳಾಸದ ಊರಿನಲ್ಲಿವೆ. ಎವಿಆರ್ ಕುಟುಂಬದ ಎಟಿಮೆಗಾ328ಪಿಯಲ್ಲಿ ಎರಡು ಬೇರೆ ಬೇರೆ ಊರು: ಕೋಡಿಗೆ 32 ಕಿಲೋಬೈಟಿನ ಫ್ಲ್ಯಾಷ್ ಒಂದು, ದತ್ತಾಂಶಕ್ಕೆ 2 ಕಿಲೋಬೈಟಿನ ರ‍್ಯಾಮ್ ಇನ್ನೊಂದು. ಎರಡರಲ್ಲೂ 300ನೇ ನಂಬರಿನ ಮನೆ ಇದೆ. ಯಾವ ಊರಿನದು ಎಂಬುದು ಪಾಯಿಂಟರಿನಲ್ಲಿ, ಅಂದರೆ ಮನೆಯ ನಂಬರನ್ನಷ್ಟೇ ಹಿಡಿದಿಡುವ ವೇರಿಯಬಲ್ಲಿನಲ್ಲಿ, ಬರೆದಿರುವುದಿಲ್ಲ, ಓದುವ ಆದೇಶವೇ ಬೇರೆ. ಸಿ ಭಾಷೆಗೆ ಈ ಭೇದ ತಿಳಿಯದು. ಹಾಗಾಗಿ ಬದಲಾಗದ ವಾಕ್ಯಗಳನ್ನೂ ಕಂಪೈಲರು, ಚಿಪ್ಪು ಎದ್ದ ತಕ್ಷಣ, ಫ್ಲ್ಯಾಷಿನಿಂದ ರ‍್ಯಾಮಿಗೆ ನಕಲು ಮಾಡಿಸುತ್ತದೆ.

ಕನ್ನಡದಲ್ಲಿ ಸಂದೇಶ ಬರೆಯಹೊರಟವರಿಗೆ ಇದು ಬೇಗ ತಟ್ಟುತ್ತದೆ. ತೋಟದ ನೀರಿನ ತೊಟ್ಟಿಗೊಂದು ಸೆನ್ಸರ್ ಕಟ್ಟಿ, ಮೊಬೈಲಿಗೆ ‘ತೊಟ್ಟಿ ತುಂಬಿದೆ’ ಎಂದು ಕಳಿಸಲು ನಾನೊಮ್ಮೆ ಕುಳಿತಿದ್ದೆ. ಕಣ್ಣಿಗೆ ಅದು ಐದಕ್ಷರ. ಅಕ್ಷರಗಳನ್ನು ಬೈಟುಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ 3 ಬೈಟ್. ಕಾಗುಣಿತ, ಒತ್ತು, ಸೊನ್ನೆ ಎಲ್ಲವೂ ಬೇರೆ ಬೇರೆ ಸಂಕೇತ. ಹದಿಮೂರು ಸಂಕೇತ, ನಡುವಿನ ಖಾಲಿ ಜಾಗ, ಕೊನೆಯ ಸೊನ್ನೆ ಬೈಟು ಸೇರಿ 41 ಬೈಟ್. ಇಷ್ಟೇ ಉದ್ದದ 50 ವಾಕ್ಯಗಳಾದರೆ 2050. ಚಿಪ್ಪಿನ ಇಡೀ ರ‍್ಯಾಮ್ 2048. ಪ್ರೋಗ್ರಾಂ ಕಂಪೈಲ್ ಆಗುತ್ತಿತ್ತು, ಓಡಲು ಶುರುವಾದ ಮೇಲೆ ಹುಚ್ಚುಹುಚ್ಚಾಗಿ ಆಡುತ್ತಿತ್ತು. ಫಂಕ್ಷನ್ನುಗಳು ತಾತ್ಕಾಲಿಕ ದತ್ತಾಂಶ ಇಡುವ ಸ್ಟಾಕ್ ಎಂಬ ಜಾಗ ಮೇಲಿನಿಂದ ಇಳಿದು ನನ್ನ ವಾಕ್ಯಗಳನ್ನೇ ತುಳಿಯುತ್ತಿದೆ ಎಂದು ಅರ್ಥವಾಗಲು ಒಂದು ಇಡೀ ಭಾನುವಾರ ಬೇಕಾಯಿತು. ಪ್ರತಿ ವಾಕ್ಯಕ್ಕೂ ಇದು ಫ್ಲ್ಯಾಷಿನಲ್ಲೇ ಇರಲಿ ಎಂದು ಕೈಯಾರೆ ಗುರುತು ಹಾಕುವುದು ಆರ್ಡುಯಿನೊ ಲೋಕದ ಹಳೆಯ ಮದ್ದು.

ನಾವು ಬರೆದ ವಾಕ್ಯಗಳಿಗಾದರೆ ಗುರುತು ಹಾಕಬಹುದು. ಕಂಪೈಲರು ತಾನೇ ಸೃಷ್ಟಿಸಿದ ದತ್ತಾಂಶಕ್ಕೆ? ಸ್ವಿಚ್ ಹೇಳಿಕೆಯ ಹತ್ತು ಕವಲುಗಳು ಹತ್ತು ಸಂಖ್ಯೆಗಳನ್ನಷ್ಟೇ ಕೊಡುತ್ತಿದ್ದರೆ, ನಡುಭಾಗ ಕವಲುಗಳನ್ನು ಕಿತ್ತುಹಾಕಿ ಹತ್ತು ಮನೆಯ ಒಂದು ಕೋಷ್ಟಕ ಕಟ್ಟುತ್ತದೆ. ದೊಡ್ಡ ಯಂತ್ರಕ್ಕೆ ಇದು ವೇಗ. ಎವಿಆರ್‌ಗೆ ಆ ಕೋಷ್ಟಕ ಸದ್ದಿಲ್ಲದೆ ರ‍್ಯಾಮಿಗೆ ಬಂದು ಕೂರುತ್ತದೆ. ಕೋಡು ಬರೆದವರಿಗೆ ಅಂಥದ್ದೊಂದು ಹುಟ್ಟಿದ್ದೇ ಗೊತ್ತಿರುವುದಿಲ್ಲ. ಎವಿಆರ್ ಕುಟುಂಬದ ಹೊಸ ಚಿಪ್ಪುಗಳಲ್ಲಿ ಫ್ಲ್ಯಾಷಿನ ಒಂದು ಭಾಗ ರ‍್ಯಾಮಿನ ಊರಿನ ಕಿಟಕಿಯಲ್ಲೂ ಕಾಣುವಂತೆ ಮಾಡಿದ್ದಾರೆ. 2024ರಲ್ಲಿ ಬಂದ ಜಿಸಿಸಿ 14, ಅಂಥ ಎವಿಆರ್64 ಮತ್ತು ಎವಿಆರ್128 ಸರಣಿಯ ಚಿಪ್ಪುಗಳಿಗೆ ಬದಲಾಗದ ದತ್ತಾಂಶವನ್ನು ಫ್ಲ್ಯಾಷಿನಲ್ಲೇ ಉಳಿಸಲು ಶುರುಮಾಡಿತು. ಹಳೆಯ ಯುನೊ ಬೋರ್ಡಿಗೆ ಆ ಭಾಗ್ಯವಿಲ್ಲ.

ಇನ್ನು ರಿಜಿಸ್ಟರುಗಳು. ಎವಿಆರ್‌ಗೆ 32 ಇವೆ ಎಂದರೆ ಸಿರಿವಂತಿಕೆಯಂತೆ ಕೇಳಿಸುತ್ತದೆ. ಹತ್ತಿರ ಹೋದರೆ ಪಂಕ್ತಿಭೇದ. ಮೊದಲ ಹದಿನಾರಕ್ಕೆ ನೇರವಾಗಿ ಒಂದು ಸಂಖ್ಯೆಯನ್ನು ತುಂಬುವ ಆದೇಶವೇ ಇಲ್ಲ. ಮೇಲಿನ ಪಂಕ್ತಿಯ ಹದಿನಾರಕ್ಕೆ ಮಾತ್ರ ಆ ಮರ್ಯಾದೆ. ಸೊನ್ನೆಯನೆಯದನ್ನು ಜಿಸಿಸಿ ತನ್ನ ಗೀಚು ಹಲಗೆಯಾಗಿ ಇಟ್ಟುಕೊಂಡಿದೆ. ಒಂದನೆಯದು ಯಾವಾಗಲೂ ಸೊನ್ನೆಯಾಗಿರಬೇಕು ಎಂಬುದು ಕಂಪೈಲರಿನ ಕಟ್ಟಳೆ; ಆದರೆ ಗುಣಾಕಾರದ ಉತ್ತರವನ್ನು ಹಾರ್ಡ್‌ವೇರು ತಂದು ಇಡುವುದು ಇವೆರಡರಲ್ಲೇ. ಹಾಗಾಗಿ ಗುಣಿಸಿದಾಗಲೆಲ್ಲ ಒಂದನೆಯದನ್ನು ಮತ್ತೆ ತೊಳೆಯಬೇಕು. ಗುಣಾಕಾರಕ್ಕೂ ತೊಳೆಯುವುದಕ್ಕೂ ನಡುವೆ ಇಂಟರಪ್ಟ್, ಅಂದರೆ ಕೈಯಲ್ಲಿರುವ ಕೆಲಸವನ್ನು ನಿಲ್ಲಿಸುವ ತುರ್ತು ಕರೆ, ಬಂದೀತು ಎಂಬ ಕಾರಣಕ್ಕೆ ಇಂಟರಪ್ಟಿನ ಫಂಕ್ಷನ್ನುಗಳೂ ಒಳಹೊಕ್ಕ ಕೂಡಲೇ ಅದನ್ನು ತೊಳೆದುಕೊಳ್ಳಬೇಕು. ಇನ್ನು ಪಾಯಿಂಟರಾಗಬಲ್ಲ ಜೋಡಿಗಳು ಮೂರೇ: ಎಕ್ಸ್, ವೈ, ಝಡ್. ವಿಳಾಸದ ಜೊತೆಗೆ ಇಷ್ಟು ಮುಂದೆ ಎಂದು ಸೇರಿಸಿ ಓದುವ ಶಕ್ತಿ ಎಕ್ಸ್‌ಗೆ ಇಲ್ಲ. ಸ್ಟಾಕಿನಲ್ಲಿ ಸ್ಥಳೀಯ ವೇರಿಯಬಲ್‌ಗಳಿದ್ದರೆ ಅವುಗಳ ಕಾವಲಿಗೆ ವೈ ಹೋಗುತ್ತದೆ. ಫ್ಲ್ಯಾಷ್ ಓದಬಲ್ಲದ್ದು ಝಡ್ ಮಾತ್ರ.

ಯಾವ ದತ್ತಾಂಶಕ್ಕೆ ಯಾವ ರಿಜಿಸ್ಟರ್ ಎಂದು ಹಂಚುವ ಕ್ರಮವಿಧಿಗಳಲ್ಲಿ ಹೆಚ್ಚಿನವು ಒಂದು ರಿಜಿಸ್ಟರಿನ ಜಾಗದಲ್ಲಿ ಇನ್ನೊಂದು ಬಂದರೂ ನಡೆಯುತ್ತದೆ ಎಂಬ ನಂಬಿಕೆಯ ಮೇಲೆ ಕಟ್ಟಿದಂಥವು. ಮೂರು ಪಾಯಿಂಟರುಗಳು ಏಕಕಾಲಕ್ಕೆ ಜೀವಂತವಿರುವ ಫಂಕ್ಷನ್ನನ್ನು ಇಲ್ಲಿ ಕೊಟ್ಟರೆ ಅವು ಕೈಚೆಲ್ಲುತ್ತವೆ. ಎಲ್‌ಎಲ್‌ವಿಎಂನ ಎವಿಆರ್ ಬ್ಯಾಕೆಂಡಿನಲ್ಲಿ ರಿಜಿಸ್ಟರುಗಳು ಮುಗಿದುಹೋದವು ಎಂಬ ದೋಷ ಸಂದೇಶ ವರ್ಷಗಟ್ಟಲೆ ಎಲ್ಲರಿಗೂ ಪರಿಚಿತವಾಗಿದ್ದು ಇದರಿಂದಲೇ. ಚಿಕ್ಕ ಚಿಪ್ಪುಗಳಿಗೆಂದೇ ಹುಟ್ಟಿದ ಎಸ್‌ಡಿಸಿಸಿ ಎಂಬ ಮುಕ್ತ ಕಂಪೈಲರು ಇಲ್ಲಿ ಬೇರೆ ದಾರಿ ಹಿಡಿದಿದೆ. ಅದರ ಅಭಿವೃದ್ಧಿಕಾರ ಫಿಲಿಪ್ ಕ್ಲಾಸ್ ಕ್ರೌಸೆ ಪ್ರೋಗ್ರಾಮಿನ ಹರಿವನ್ನು ಮರದಂತೆ ಒಡೆದು, ಪ್ರತಿ ಹಂತದಲ್ಲೂ ಸಾಧ್ಯವಿರುವ ಹಂಚಿಕೆಗಳನ್ನು ತೂಗಿ ಅತ್ಯುತ್ತಮವಾದುದನ್ನೇ ಹುಡುಕುವ ವಿಧಾನವನ್ನು ತಂದರು. ಹಂತವೊಂದಕ್ಕೆ ಎಷ್ಟು ಸಾಧ್ಯತೆಗಳನ್ನು ನೋಡಬೇಕೆಂದು ಬಳಸುವವರೇ ಹೇಳಬಹುದು. ಸಂಖ್ಯೆ ಏರಿಸಿದಷ್ಟೂ ಕಂಪೈಲ್ ಆಗಲು ಹೊತ್ತು ಹಿಡಿಯುತ್ತದೆ, ಕೋಡು ಕಿರಿದಾಗುತ್ತದೆ. ನನಗಂತೂ ಇದು ತುಂಬ ವಿವೇಕದ ಲೆಕ್ಕ ಎನಿಸುತ್ತದೆ. 8 ಕಿಲೋಬೈಟಿನ ಪ್ರೋಗ್ರಾಮಿಗೆ ಕಂಪೈಲರು ಒಂದು ನಿಮಿಷ ಯೋಚಿಸಿದರೆ ಗಂಟೇನು ಹೋಯಿತು? ದೊಡ್ಡ ಕಂಪೈಲರುಗಳು ಅಂಥ ನಿಧಾನವನ್ನು ಒಪ್ಪಲಾರವು, ಏಕೆಂದರೆ ಅವು ಬ್ರೌಸರಿನಂಥ ಕೋಟಿ ಸಾಲಿನ ಕೋಡನ್ನೂ ಅದೇ ಯಂತ್ರದಿಂದ ಹಾಯಿಸಬೇಕು.

ಈ ಕೆಲಸದ ಕುಸುರಿ ಕಾಣಬೇಕಾದರೆ ಒಂದು ಫಂಕ್ಷನ್ನಿನ ಆರಂಭದ ಕೆಲವು ಆದೇಶಗಳನ್ನು ನೋಡಿದರೆ ಸಾಕು. ಸ್ಟಾಕಿನಲ್ಲಿ ಹತ್ತು ಬೈಟ್ ಜಾಗ ಬೇಕು. ಸ್ಟಾಕ್ ಪಾಯಿಂಟರಿನಿಂದ ಹತ್ತು ಕಳೆಯಬೇಕು. ಆದರೆ ಎವಿಆರ್‌ನಲ್ಲಿ ಸ್ಟಾಕ್ ಪಾಯಿಂಟರು ಎರಡು ತುಂಡು, ಮೇಲಿನ ಬೈಟು ಮತ್ತು ಕೆಳಗಿನ ಬೈಟು. ಒಂದೇ ಸಲಕ್ಕೆ ಬರೆಯಲಾಗದು. ಒಂದು ತುಂಡು ಬರೆದು ಇನ್ನೊಂದು ಬರೆಯುವಷ್ಟರಲ್ಲಿ ಇಂಟರಪ್ಟ್ ಬಂದರೆ ಅದು ಅರ್ಧ ಹೊಸ ಅರ್ಧ ಹಳೆಯ ವಿಳಾಸಕ್ಕೆ ಹೋಗಿ ಯಾರದೋ ದತ್ತಾಂಶದ ಮೇಲೆ ಬರೆಯುತ್ತದೆ. ಹಾಗಾಗಿ ಜಿಸಿಸಿ ಹೀಗೆ ಮಾಡುತ್ತದೆ: ಸ್ಥಿತಿ ರಿಜಿಸ್ಟರನ್ನು ಪಕ್ಕಕ್ಕೆ ಎತ್ತಿಡು, ಇಂಟರಪ್ಟ್ ನಿಲ್ಲಿಸು, ಮೇಲಿನ ಬೈಟು ಬರೆ, ಸ್ಥಿತಿಯನ್ನು ಮರಳಿಸು, ಆಮೇಲೆ ಕೆಳಗಿನ ಬೈಟು ಬರೆ. ಮೊದಲ ಸಲ ನೋಡಿದವರು ತಪ್ಪು ಹಿಡಿದೆ ಎಂದು ಕುಣಿಯುವುದು ಇಲ್ಲೇ. ಸ್ಥಿತಿ ಮರಳಿಸಿದ ಕೂಡಲೇ ಇಂಟರಪ್ಟ್ ಬಾಗಿಲು ತೆರೆಯಿತಲ್ಲ, ಕೆಳಗಿನ ಬೈಟು ಇನ್ನೂ ಬಾಕಿ! ತಪ್ಪಲ್ಲ. ಬಾಗಿಲು ತೆರೆದ ಮೇಲೂ ಎವಿಆರ್ ಇನ್ನೊಂದು ಆದೇಶವನ್ನು ಮುಗಿಸಿಯೇ ಇಂಟರಪ್ಟನ್ನು ಒಳಗೆ ಬಿಡುತ್ತದೆ. ಆ ಒಂದು ಆದೇಶದ ಸಂದಿಯಲ್ಲಿ ಕೆಳಗಿನ ಬೈಟು ನುಸುಳುತ್ತದೆ. ಇಂಟರಪ್ಟ್ ಮುಚ್ಚಿರುವ ಕಾಲದಲ್ಲಿ ಒಂದು ಸೈಕಲ್ ಉಳಿತಾಯವಾಯಿತು. ಅದೇ ಕುಟುಂಬದ ಎಕ್ಸ್‌ಮೆಗಾ ಶಾಖೆಯಲ್ಲಿ ಈ ಕಾಳಜಿಯನ್ನು ಹಾರ್ಡ್‌ವೇರೇ ವಹಿಸಿಕೊಂಡಿದೆ. ಎಟಿಟೈನಿ10 ಎಂಬ ಮರಿಯಲ್ಲಿ ರಿಜಿಸ್ಟರುಗಳೇ 16, ರ‍್ಯಾಮ್ 32 ಬೈಟ್. ಎವಿಆರ್‌ಗೆ ಒಂದು ಬ್ಯಾಕೆಂಡ್ ಎಂದು ನಾವು ಹೇಳುವುದು ಮಾತಿಗಷ್ಟೇ.

ಇಷ್ಟೆಲ್ಲ ಕಷ್ಟಪಟ್ಟು ಬರೆದ ಮೇಲೆ ಅದು ಉಳಿಯುತ್ತದೆಯೇ? ಹೆಚ್ಚು ಜನ ಗಮನಿಸದ ಪ್ರಶ್ನೆ ಇದು. ಜಿಸಿಸಿಯಲ್ಲಿ ಕ್ಯಾರಿ, ಸೊನ್ನೆ ಮುಂತಾದ ಫ್ಲ್ಯಾಗುಗಳನ್ನು, ಅಂದರೆ ಹಿಂದಿನ ಲೆಕ್ಕದ ಫಲವನ್ನು ಸೂಚಿಸುವ ಬಿಟ್ಟುಗಳನ್ನು, ನಿಭಾಯಿಸಲು ಸಿಸಿ0 ಎಂಬ ಹಳೆಯ ಪದ್ಧತಿಯೊಂದಿತ್ತು. ಫ್ಲ್ಯಾಗ್ ಎಬ್ಬಿಸುವ ಆದೇಶ ಮತ್ತು ಅದನ್ನು ನೋಡುವ ಆದೇಶ ಅಕ್ಕಪಕ್ಕದಲ್ಲೇ ಇರುತ್ತವೆ ಎಂಬ ಒಪ್ಪಂದ ಅದು. ದೊಡ್ಡ ಬ್ಯಾಕೆಂಡುಗಳು ಎಂದೋ ಅದನ್ನು ಬಿಟ್ಟಿದ್ದವು. ಉಳಿಸಿಕೊಂಡಿದ್ದವು ಎವಿಆರ್, ಎಂ68ಕೆ, ವ್ಯಾಕ್ಸ್‌ನಂಥ ಹಳಬರು. ಸಿಸಿ0 ತೆಗೆಯುತ್ತೇವೆ, ಹೊಸ ಪದ್ಧತಿಗೆ ಬಾರದ ಬ್ಯಾಕೆಂಡುಗಳೂ ಜೊತೆಗೇ ಹೋಗುತ್ತವೆ ಎಂದು ಜಿಸಿಸಿ ಹೇಳಿತು. ಲೋಕದಾದ್ಯಂತ ಶಾಲೆ ಮಕ್ಕಳು ಬಳಸುವ ಆರ್ಡುಯಿನೊದ ಕಂಪೈಲರಿಗೆ ಗಡುವು ಬಿದ್ದಿತ್ತು, ಕೆಲಸ ಮಾಡುವವರಿಗಾಗಿ ಬಳಕೆದಾರರು ಅಂತರ್ಜಾಲದಲ್ಲಿ ಚಂದಾ ಎತ್ತಿ ಬಹುಮಾನ ಇಟ್ಟರು.

ಕೆಲಸ ಸುಲಭದ್ದಾಗಿರಲಿಲ್ಲ. ಎವಿಆರ್‌ನ ಲೆಕ್ಕದ ಆದೇಶಗಳಲ್ಲಿ ಬಹುಪಾಲು ಫ್ಲ್ಯಾಗುಗಳನ್ನು ಕೆಡಿಸುತ್ತವೆ. ವಿಳಾಸಕ್ಕೆ ಎರಡು ಕೂಡಿಸಿದರೂ ಕೆಡುತ್ತವೆ. ರಿಜಿಸ್ಟರ್ ಹಂಚುವಾಗ ಕಂಪೈಲರು ತನ್ನ ಅನುಕೂಲಕ್ಕೆ ನಡುವೆ ತುರುಕುವ ಒಂದು ಕೂಡುವಿಕೆ, ಮೇಲಿನ ಸಾಲಿನ ಹೋಲಿಕೆಯ ಫಲವನ್ನು ಅಳಿಸಿಬಿಡಬಹುದು. ಅದಕ್ಕಾಗಿ ರಿಜಿಸ್ಟರ್ ಹಂಚಿಕೆ ಮುಗಿಯುವವರೆಗೆ ಫ್ಲ್ಯಾಗಿನ ಮಾತೇ ಎತ್ತದೆ, ಆಮೇಲೆ ಪ್ರತಿ ಆದೇಶವನ್ನೂ ಒಡೆದು, ಇದು ಫ್ಲ್ಯಾಗ್ ಕೆಡಿಸುತ್ತದೆ ಎಂದು ಸ್ಪಷ್ಟವಾಗಿ ಬರೆಯುವ ದಾರಿಯನ್ನು ಹಿಡಿದರು. ಸೆಂಥಿಲ್ ಕುಮಾರ್ ಸೆಲ್ವರಾಜ್ ಇದನ್ನು ಮಾಡಿ ಮುಗಿಸಿದರು. 2021ರಲ್ಲಿ ಅದು ಜಿಸಿಸಿಗೆ ಸೇರಿತು, 2022ರ ಜಿಸಿಸಿ 12ರಲ್ಲಿ ಸಿಸಿ0 ಇಲ್ಲ. ಎಲ್‌ಎಲ್‌ವಿಎಂನ ಎವಿಆರ್ ಬ್ಯಾಕೆಂಡಿನಲ್ಲೂ ಇದೇ ಭಯಕ್ಕೆ ಇದೇ ಬಗೆಯ ಮದ್ದು ಇದೆ: 16 ಬಿಟ್ ಕೂಡುವಿಕೆಯನ್ನು ಒಂದೇ ಹುಸಿ ಆದೇಶವಾಗಿ ಕೊನೆಯವರೆಗೂ ಇಟ್ಟುಕೊಂಡು, ಹಂಚಿಕೆ ಮುಗಿದ ಮೇಲಷ್ಟೇ ಕೂಡು, ಕ್ಯಾರಿಯೊಂದಿಗೆ ಕೂಡು ಎಂದು ಎರಡಾಗಿ ಒಡೆಯುತ್ತಾರೆ. ನಡುವೆ ಯಾರೂ ತೂರಿಕೊಳ್ಳಬಾರದಲ್ಲ.

ಆ ಬ್ಯಾಕೆಂಡಿನದೂ ಇಂಥದೇ ಜೀವನಚರಿತ್ರೆ. ಹೊರಗೆಲ್ಲೋ ಹವ್ಯಾಸವಾಗಿ ಹುಟ್ಟಿ, ಡಿಲನ್ ಮೆಕೇ ಅವರ ಪಟ್ಟಿನಿಂದ 2016ರ ಹೊತ್ತಿಗೆ ಎಲ್‌ಎಲ್‌ವಿಎಂನ ಒಳಗೆ ಪ್ರಾಯೋಗಿಕವಾಗಿ ಬಂದು, 2020ರ ಎಲ್‌ಎಲ್‌ವಿಎಂ 11ರಲ್ಲಿ ಅಧಿಕೃತವಾಯಿತು. ಅದೇ ವರ್ಷ ರಸ್ಟ್ ಭಾಷೆಯ ನೈಟ್ಲಿ ಎಂಬ ಪರೀಕ್ಷಾ ಆವೃತ್ತಿಗೂ ಎವಿಆರ್ ಬಂತು. ರಸ್ಟ್, ಗೋ ಭಾಷೆಯನ್ನು ಚಿಕ್ಕ ಚಿಪ್ಪಿಗೆ ತರುವ ಟೈನಿಗೋ ಮುಂತಾದ ಹೊಸಬರೆಲ್ಲ ಎಲ್‌ಎಲ್‌ವಿಎಂನ ಬಾಗಿಲಿನಿಂದಲೇ ಬರುವುದರಿಂದ, ಒಂದು ಚಿಪ್ಪಿಗೆ ಅಲ್ಲಿ ಬ್ಯಾಕೆಂಡ್ ಇದೆಯೋ ಇಲ್ಲವೋ ಎಂಬುದು ಈಗ ಆ ಚಿಪ್ಪಿನ ಭವಿಷ್ಯವನ್ನೇ ನಿರ್ಧರಿಸುತ್ತದೆ. ಆದರೆ ಹೊಸ ಭಾಷೆ ಬರುವಾಗ ತನ್ನ ಸಾಮಾನುಗಳನ್ನೂ ಹೊತ್ತು ತರುತ್ತದೆ. ರಸ್ಟ್‌ನ ಮೂಲ ಲೈಬ್ರರಿಯಲ್ಲಿ 128 ಬಿಟ್ ಸಂಖ್ಯೆಗಳಿವೆ. 8 ಬಿಟ್ ಚಿಪ್ಪಿನಲ್ಲಿ ಅಂಥ ಒಂದು ಸಂಖ್ಯೆಗೆ 16 ರಿಜಿಸ್ಟರು. ಎರಡನ್ನು ಕೂಡಿಸಲು ಹೊರಟರೆ 32ಕ್ಕೆ 32 ಮುಗಿಯಿತು, ಪಾಯಿಂಟರಿಗೆ ಜಾಗವಿಲ್ಲ. ಯಾರೂ ಯುನೊ ಬೋರ್ಡಿನಲ್ಲಿ 128 ಬಿಟ್ ಲೆಕ್ಕ ಮಾಡುವುದಿಲ್ಲ, ನಿಜ. ಲೈಬ್ರರಿ ಮಾತ್ರ ಕಂಪೈಲ್ ಆಗಲೇಬೇಕು.

ಇಷ್ಟು ರಗಳೆ ಏಕೆ, 32 ಬಿಟ್ ಚಿಪ್ಪೇ ಅಗ್ಗವಾಗಿದೆಯಲ್ಲ ಎನ್ನುವವರ ವಾದವನ್ನು ತಳ್ಳಿಹಾಕಲಾಗದು. ಚೀನಾದ ಡಬ್ಲ್ಯುಸಿಎಚ್ ಕಂಪನಿಯ ಸಿಎಚ್32ವಿ003 ಅಮೆರಿಕದ ಹತ್ತು ಸೆಂಟಿನ ಆಸುಪಾಸಿಗೆ ಬಂತು: 48 ಮೆಗಾಹರ್ಟ್ಸ್, 16 ಕಿಲೋಬೈಟ್ ಫ್ಲ್ಯಾಷ್, 2 ಕಿಲೋಬೈಟ್ ರ‍್ಯಾಮ್, ರಿಸ್ಕ್-ವಿ ಎಂಬ ಮುಕ್ತ ಪಟ್ಟಿಯ ಆದೇಶಗಳು. ಕೋಡಿಗೂ ದತ್ತಾಂಶಕ್ಕೂ ಒಂದೇ ವಿಳಾಸದ ಊರು, ಆದೇಶ ಒಂದಕ್ಕೆ ಎಷ್ಟು ಮನೆ ಬೇಕಾದರೂ ಸರಿಯುತ್ತದೆ. ನಮ್ಮ ಸರ್ಕಾರಿ ಸಂಶೋಧನಾ ಸಂಸ್ಥೆ ಸಿ-ಡಾಕ್ ತನ್ನ ವೇಗಾ ಪ್ರೊಸೆಸರುಗಳಿಗೆ ರಿಸ್ಕ್-ವಿಯನ್ನೇ ಆರಿಸಿಕೊಂಡಿದ್ದರ ದೊಡ್ಡ ಲಾಭವೂ ಇದೇ, ಕಂಪೈಲರನ್ನು ಮೊದಲಿನಿಂದ ಬರೆಯಬೇಕಿಲ್ಲ. ಹಾಗೆಂದು ಈ ಹತ್ತು ಸೆಂಟಿನ ಚಿಪ್ಪು ಸಿದ್ಧ ಉಡುಪಿನೊಳಗೆ ಹಿಡಿಸಿತೇ ಎಂದರೆ ಅದೂ ಇಲ್ಲ. ಅದು ರಿಸ್ಕ್-ವಿಯ ಬಡ ರೂಪ: ರಿಜಿಸ್ಟರುಗಳು 32ರ ಬದಲು 16. ಇದಕ್ಕೆ ಕೋಡು ಹುಟ್ಟಿಸುವ ಸಾಮರ್ಥ್ಯ ಎಲ್‌ಎಲ್‌ವಿಎಂಗೆ ಬಂದಿದ್ದು 2024ರ 18ನೇ ಆವೃತ್ತಿಯಲ್ಲಿ, ಅದೂ ಪ್ರಾಯೋಗಿಕ ಎಂಬ ಹಣೆಪಟ್ಟಿಯೊಂದಿಗೆ. ಗುಣಾಕಾರದ ಆದೇಶವೂ ಇಲ್ಲ. ಒಂದು ಸಂಖ್ಯೆಯನ್ನು ಹತ್ತರಿಂದ ಭಾಗಿಸಿ ಎಂದರೆ, ಭಾಗಿಸುವ ಬದಲು ಲೆಕ್ಕ ಹಾಕಿಟ್ಟ ಒಂದು ದೊಡ್ಡ ಸಂಖ್ಯೆಯಿಂದ ಗುಣಿಸಿ ಮೇಲಿನ ಅರ್ಧವನ್ನು ತೆಗೆದುಕೊಳ್ಳುವುದು ಕಂಪೈಲರುಗಳ ಹೆಮ್ಮೆಯ ಉಪಾಯ. ಗುಣಿಸಲೇ ಬಾರದ ಚಿಪ್ಪಿನಲ್ಲಿ ಆ ಉಪಾಯಕ್ಕೆ ಅರ್ಥವಿಲ್ಲ. ಹಾಗಾಗಿ ಪರದೆಯ ಮೇಲೆ 2048 ಎಂದು ಮೂಡಿಸಲು ಅಂಕಿ ಅಂಕಿಗೂ ಭಾಗಾಕಾರದ ಲೈಬ್ರರಿಯ ಬಾಗಿಲು ತಟ್ಟಬೇಕು.

ಹಳೆಯ ಜಾಣ್ಮೆಗಳು ಮರಳುತ್ತಿರುವುದೂ ಉಂಟು. 1980ರ 8051ರ ಒಳಗಿನ ರ‍್ಯಾಮ್ 128 ಬೈಟ್, ಸ್ಟಾಕೂ ಅದರೊಳಗೇ. ಅದರ ಕಂಪೈಲರುಗಳು ಸ್ಥಳೀಯ ವೇರಿಯಬಲ್‌ಗಳನ್ನು ಸ್ಟಾಕಿಗೆ ಹಾಕದೆ ಕಾಯಂ ವಿಳಾಸ ಕೊಡುತ್ತವೆ. ಯಾರು ಯಾರನ್ನು ಕರೆಯುತ್ತಾರೆ ಎಂದು ನೋಡಿ, ಎಂದೂ ಒಟ್ಟಿಗೆ ಎಚ್ಚರವಿರದ ಎರಡು ಫಂಕ್ಷನ್ನುಗಳಿಗೆ ಒಂದೇ ಜಾಗ ಹಂಚುತ್ತವೆ. ಪಾಳಿಯ ಮೇಲೆ ಒಂದೇ ಮಂಚ. ಹಳೆಯ 6502 ಚಿಪ್ಪಿಗಾಗಿ ಈಗ ಬೆಳೆಯುತ್ತಿರುವ ಎಲ್‌ಎಲ್‌ವಿಎಂ-ಮಾಸ್ ಯೋಜನೆ ಇದನ್ನೇ ಇನ್ನಷ್ಟು ಶಿಸ್ತಿನಿಂದ ಮಾಡುತ್ತದೆ: ಇಡೀ ಪ್ರೋಗ್ರಾಮನ್ನು ಒಮ್ಮೆಗೇ ಓದಿ, ಯಾವ ಫಂಕ್ಷನ್ ತನ್ನನ್ನು ತಾನೇ ಮರಳಿ ಕರೆಯುವುದಿಲ್ಲ ಎಂದು ಖಾತ್ರಿಯಾಗುತ್ತದೋ ಅದರ ವೇರಿಯಬಲ್‌ಗಳಿಗೆ ಕಾಯಂ ಮನೆ. ಆ ಚಿಪ್ಪಿನ ರಿಜಿಸ್ಟರುಗಳು ಎ, ಎಕ್ಸ್, ವೈ ಮೂರೇ. ರ‍್ಯಾಮಿನ ಮೊದಲ 256 ಬೈಟುಗಳಲ್ಲಿ ಕೆಲವನ್ನೇ ಕಲ್ಪಿತ ರಿಜಿಸ್ಟರುಗಳೆಂದು ಎಲ್‌ಎಲ್‌ವಿಎಂಗೆ ನಂಬಿಸಿದ್ದಾರೆ.

ಕರ್ನಾಟಕದ ಎಂಜಿನಿಯರಿಂಗ್ ಕಾಲೇಜುಗಳ ತಲೆಮಾರುಗಳೇ ಮೈಕ್ರೋಕಂಟ್ರೋಲರ್ ಎಂದರೆ 8051 ಎಂದು ಕಲಿತು ಬಂದಿವೆ. ಎಲ್‌ಎಲ್‌ವಿಎಂನ ಅಧಿಕೃತ ಪಟ್ಟಿಯಲ್ಲಿ ಅದಕ್ಕೆ ಬ್ಯಾಕೆಂಡ್ ಇಲ್ಲ. ರಸ್ಟ್ ಆಗಲಿ ಟೈನಿಗೋ ಆಗಲಿ ಅತ್ತ ಸುಳಿಯಲಾರವು, ಎಸ್‌ಡಿಸಿಸಿಯೇ ಅದರ ಮುಕ್ತ ದಿಕ್ಕು. ಲ್ಯಾಬಿನಲ್ಲಿ ಆ ಚಿಪ್ಪಿನ ಆದೇಶಗಳನ್ನೆಲ್ಲ ಬಾಯಿಪಾಠ ಮಾಡಿದ ಯಾರಾದರೂ ಬ್ಯಾಕೆಂಡ್ ಬರೆಯುತ್ತೇನೆಂದು ಕುಳಿತರೆ ಆದೇಶಗಳ ಸರದಿ ಬರುವುದು ಬಹಳ ತಡವಾಗಿ. ಪಾಯಿಂಟರ್ ಎಂದರೆ ಎಷ್ಟು ಬೈಟ್ ಎಂದು ಎಲ್‌ಎಲ್‌ವಿಎಂ ಮೊದಲೇ ಕೇಳುತ್ತದೆ. 8051ರಲ್ಲಿ ಒಳಗಿನ ರ‍್ಯಾಮಿಗಾದರೆ ಒಂದು, ಹೊರಗಿನ ರ‍್ಯಾಮಿಗೂ ಕೋಡಿಗೂ ಎರಡು, ಯಾವ ಊರಿನದೆಂದು ಮೊದಲೇ ಗೊತ್ತಿರದ ಪಾಯಿಂಟರಿಗೆ ಮೂರು.